ಡಿಎನ್‌ಎ ಬೆರಳಚ್ಚು: ಆರು ಹಂತಗಳ ಪಾಠದಲ್ಲಿ ಬಿಟ್ಟುಹೋದದ್ದು

ದ್ವಿತೀಯ ಪಿಯುಸಿಯಲ್ಲಿ ಜೀವಶಾಸ್ತ್ರ ಓದುವ ಮಕ್ಕಳನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ, ಡಿಎನ್‌ಎ ನೋಡಿ ವ್ಯಕ್ತಿಯನ್ನು ಗುರುತಿಸುವ ಡಿಎನ್‌ಎ ಬೆರಳಚ್ಚಿನ ಹಂತಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಡಿಎನ್‌ಎ ಬೇರ್ಪಡಿಸುವುದು, ರೆಸ್ಟ್ರಿಕ್ಷನ್ ಕಿಣ್ವದಿಂದ ಕತ್ತರಿಸುವುದು, ವಿದ್ಯುತ್ ಹಾಯಿಸಿ ತುಂಡುಗಳನ್ನು ಗಾತ್ರದ ಪ್ರಕಾರ ಸಾಲಾಗಿಸುವುದು, ನೈಲಾನ್ ಪೊರೆಗೆ ಇಳಿಸುವುದು, ಗುರುತು ಹಚ್ಚಿದ ಪ್ರೋಬ್ (ತನಗೆ ಹೊಂದುವ ಜಾಗವನ್ನು ಹುಡುಕಿ ಅಂಟುವ ಡಿಎನ್‌ಎ ತುಣುಕು) ಕೂಡಿಸುವುದು, ಕೊನೆಗೆ ಎಕ್ಸ್‌ರೇ ಫಿಲ್ಮಿನ ಮೇಲೆ ಮೂಡಿದ ಪಟ್ಟಿಗಳನ್ನು ಓದುವುದು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಈ ಪಾಠವನ್ನು ನಾನು ಹಲವು ವರ್ಷ ಹೀಗೆಯೇ ಮಾಡಿದ್ದೇನೆ. ಕೊನೆಯಲ್ಲಿ, ಸಾಕ್ಷಿ ಸುಳ್ಳು ಹೇಳಬಹುದು, ಡಿಎನ್‌ಎ ಹೇಳುವುದಿಲ್ಲ ಎಂಬ ಮಾತನ್ನೂ ಸೇರಿಸುತ್ತಿದ್ದೆ. ಒಂದು ದಿನ ಮಾವಿನ ತೋಟದ ಮನೆಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದಳು: ‘ಸರ್, ನಮ್ಮ ತೋಟದ ಬಾದಾಮಿ ಗಿಡಗಳೆಲ್ಲ ಒಂದೇ ತಾಯಿಮರದ ಕಸಿ. ಯಾರೋ ಹಣ್ಣು ಕದ್ದರು ಅಂತ ಇಟ್ಟುಕೊಳ್ಳಿ. ಆ ಹಣ್ಣು ನಮ್ಮ ತೋಟದ್ದೋ ಪಕ್ಕದ ತೋಟದ್ದೋ ಅಂತ ಡಿಎನ್‌ಎ ಹೇಳುತ್ತದಾ?’

ಪಕ್ಕದ ತೋಟದ ಕಸಿಕಡ್ಡಿಯೂ ಅದೇ ತಾಯಿಮರದಿಂದ ಬಂದಿದ್ದರೆ ಹೇಳುವುದಿಲ್ಲ. ಅದು ಬಾದಾಮಿಯೇ ಹೊರತು ತೋತಾಪುರಿಯಲ್ಲ ಎನ್ನುವುದನ್ನು ಹೇಳೀತು. ಹಣ್ಣಿನ ತಿರುಳು ಮರದ್ದೇ ಅಂಗಾಂಶ. ವಾಟೆಯೊಳಗಿನ ಬೀಜ ಮಾತ್ರ ಬೇರೆ ಮರದ ಪರಾಗದ ಪಾಲು ಪಡೆದದ್ದು. ಹಾಗಾಗಿ ಒಂದೇ ತಾಯಿಮರದ ಕಸಿಗಳಾದ ನೂರು ಮರಗಳು ಡಿಎನ್‌ಎ ಪರೀಕ್ಷೆಯ ಮುಂದೆ ನೂರು ಏಕರೂಪ ಅವಳಿಗಳಂತೆ ನಿಲ್ಲುತ್ತವೆ. ಅದೇ ಮರಗಳು ಇನ್ನೊಂದು ಸಂಗತಿಯನ್ನೂ ಕಲಿಸುತ್ತವೆ. ಬೇರುಗಿಡ ನಾಟಿ ವಾಟೆಯಿಂದ ಹುಟ್ಟಿದ್ದು, ಅದರ ಮೇಲೆ ಕೂರಿಸಿದ ಕಡ್ಡಿ ಬಾದಾಮಿಯದ್ದು. ಕಸಿಗಂಟಿನ ಕೆಳಗೆ ಒಡೆದ ಚಿಗುರಿನ ಎಲೆಯನ್ನೂ ಮೇಲಿನ ಕೊಂಬೆಯ ಎಲೆಯನ್ನೂ ಪರೀಕ್ಷಿಸಿದರೆ ಒಂದೇ ಮರದಿಂದ ಎರಡು ಬೇರೆ ಬೇರೆ ಉತ್ತರ ಬರುತ್ತದೆ. ಅಸ್ಥಿಮಜ್ಜೆಯ ಕಸಿ ಮಾಡಿಸಿಕೊಂಡ ಮನುಷ್ಯರಲ್ಲೂ ಹೀಗೆಯೇ ಆಗುತ್ತದೆ: ರಕ್ತದಲ್ಲಿ ದಾನಿಯ ಡಿಎನ್‌ಎ, ಕೂದಲಿನ ಬುಡದಲ್ಲಿ ಸ್ವಂತದ್ದು. ಕಸಿ ಕಟ್ಟುವುದನ್ನು ಕಣ್ಣಾರೆ ನೋಡಿ ಬೆಳೆದ ನಮ್ಮ ಮಕ್ಕಳಿಗೆ ಇದನ್ನು ಅರ್ಥ ಮಾಡಿಸಲು ಯಾವ ಪ್ರಯೋಗಾಲಯವೂ ಬೇಕಾಗಿಲ್ಲ. ಇಷ್ಟು ವರ್ಷ ನಾನು ಕಲಿಸಿದ್ದು ಪರೀಕ್ಷೆ ಹೇಗೆ ನಡೆಯುತ್ತದೆ ಎನ್ನುವುದನ್ನು; ಪರೀಕ್ಷೆಯ ಫಲಿತಾಂಶ ಯಾವ ಪ್ರಶ್ನೆಗೆ ಉತ್ತರ, ಯಾವುದಕ್ಕೆ ಅಲ್ಲ ಎನ್ನುವುದನ್ನು ಕಲಿಸಿರಲೇ ಇಲ್ಲ ಎಂಬುದು ಆ ದಿನ ನನಗೆ ಹೊಳೆಯಿತು.

ಈ ಕೊರತೆಯನ್ನು ಈಗ ತುಂಬಲೇಬೇಕಾದ ಕಾರಣವಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮಿನ ಪ್ರಕಾರ, ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯಿರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಘಟನಾ ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು ಮತ್ತು ಆ ಕೆಲಸವನ್ನು ಚಿತ್ರೀಕರಿಸಬೇಕು. ಇದಕ್ಕೆ ಸಜ್ಜಾಗಲು ರಾಜ್ಯಗಳಿಗೆ ಐದು ವರ್ಷದ ಕಾಲಾವಕಾಶ ಕೊಡಲಾಗಿದೆ. ಇಂದು ನಮ್ಮ ತರಗತಿಗಳಲ್ಲಿ ಕುಳಿತವರಲ್ಲಿ ಕೆಲವರು ಆ ಹೊತ್ತಿಗೆ ಪೊಲೀಸ್ ಕಾನ್‌ಸ್ಟೆಬಲ್ ಆಗಿರುತ್ತಾರೆ, ಕೆಲವರು ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್ ಅಥವಾ ಲ್ಯಾಬ್ ಟೆಕ್ನೀಷಿಯನ್ ಆಗಿರುತ್ತಾರೆ, ಒಬ್ಬಿಬ್ಬರು ವಕೀಲಿಕೆ ಓದುತ್ತಿರುತ್ತಾರೆ. ಉಳಿದವರನ್ನು ಊರಿನ ಯಾವುದೋ ಪ್ರಕರಣದಲ್ಲಿ ಮಹಜರಿಗೆ ಪಂಚರಾಗಿ ಕರೆಯಬಹುದು. ರಕ್ತದ ಕಲೆಯಿರುವ ಬಟ್ಟೆಯನ್ನು ಯಾವುದರಲ್ಲಿ ಹಾಕಿದರು, ಅರಗಿನ ಮುದ್ರೆ ಯಾವಾಗ ಒತ್ತಿದರು, ತಾನು ಸಹಿ ಹಾಕಿದ್ದು ಏನನ್ನು ನೋಡಿ ಎಂಬ ಪ್ರಶ್ನೆಗೆ ನ್ಯಾಯಾಲಯದಲ್ಲಿ ಉತ್ತರ ಕೊಡಬೇಕಾದವರು ಇವರೇ.

ಮೊದಲು ವಿಜ್ಞಾನವನ್ನು ನೋಡೋಣ. ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಜೋಡಿಗಳಿವೆ. ಯಾವ ಇಬ್ಬರನ್ನು ಹೋಲಿಸಿದರೂ ಅದರಲ್ಲಿ ಶೇ 99.9ರಷ್ಟು ಒಂದೇ ಆಗಿರುತ್ತದೆ. ಉಳಿದ ಸಣ್ಣ ಪಾಲಿನಲ್ಲಿ ಕೆಲವು ಜಾಗಗಳಲ್ಲಿ ಒಂದೇ ತುಣುಕು ಮತ್ತೆ ಮತ್ತೆ ಬರುತ್ತದೆ, ಮತ್ತು ಎಷ್ಟು ಸಲ ಬರುತ್ತದೆ ಎನ್ನುವುದು ಒಬ್ಬರಿಂದ ಒಬ್ಬರಿಗೆ ಬದಲಾಗುತ್ತದೆ. 1984ರ ಸೆಪ್ಟೆಂಬರ್ 10ರ ಬೆಳಿಗ್ಗೆ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ ಅಲೆಕ್ ಜೆಫ್ರಿಸ್ ಅವರ ಕಣ್ಣಿಗೆ ಎಕ್ಸ್‌ರೇ ಫಿಲ್ಮಿನ ಮೇಲೆ ಬಿದ್ದದ್ದು ಈ ಮರುಕಳಿಕೆಗಳ ಪಟ್ಟಿಗಳು. ನಮ್ಮ ಪಠ್ಯದಲ್ಲಿರುವ ಆರು ಹಂತಗಳು ಹೆಚ್ಚುಕಡಿಮೆ ಆ ಕಾಲದ ವಿಧಾನದ್ದೇ. ಅದಕ್ಕೆ ಸಾಕಷ್ಟು ದೊಡ್ಡ, ಕೆಡದ ಕಲೆ ಬೇಕಿತ್ತು, ದಿನಗಟ್ಟಲೆ ಸಮಯ ಬೇಕಿತ್ತು. ಇಂದಿನ ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲಿ ಆ ಪೊರೆಯೂ ಇಲ್ಲ, ಆ ಫಿಲ್ಮೂ ಇಲ್ಲ. ಈಗ ನೋಡುವುದು ಎಸ್‌ಟಿಆರ್ ಎಂದು ಕರೆಯುವ ಕಿರು ಮರುಕಳಿಕೆಗಳನ್ನು. ಹನ್ನೊಂದನೆಯ ವರ್ಣತಂತುವಿನಲ್ಲಿ ಟಿಎಚ್01 ಎಂಬ ಜಾಗವಿದೆ. ಅಲ್ಲಿ ಎ-ಎ-ಟಿ-ಜಿ ಎಂಬ ನಾಲ್ಕು ಅಕ್ಷರಗಳು ಒಬ್ಬರಲ್ಲಿ ಆರು ಸಲ, ಇನ್ನೊಬ್ಬರಲ್ಲಿ ಒಂಬತ್ತು ಸಲ ಬಂದಿರುತ್ತವೆ. ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು ಪ್ರತಿ ಬರುವುದರಿಂದ ಪ್ರತಿ ಜಾಗಕ್ಕೂ ಎರಡು ಅಂಕೆಗಳಿರುತ್ತವೆ: ‘6, 9’ ಎಂಬಂತೆ. ಪಿಸಿಆರ್ ಯಂತ್ರ ಆ ಜಾಗಗಳನ್ನು ಮಾತ್ರ ಆರಿಸಿ ಒಂದನ್ನು ಎರಡಾಗಿ, ಎರಡನ್ನು ನಾಲ್ಕಾಗಿ ನಕಲು ಮಾಡುತ್ತ ಹೋಗುತ್ತದೆ. 30 ಸುತ್ತಿನಲ್ಲಿ ಒಂದು ಪ್ರತಿ 100 ಕೋಟಿ ದಾಟುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಲೆಯಿಂದಲೂ ಗುರುತು ಸಿಗುವುದು ಇದರಿಂದ. ಅಮೆರಿಕದ ದತ್ತಾಂಶ ವ್ಯವಸ್ಥೆ ಮೊದಲು ಇಂತಹ 13 ಜಾಗಗಳನ್ನು ನೋಡುತ್ತಿತ್ತು, 2017ರಿಂದ 20ನ್ನು ನೋಡುತ್ತಿದೆ. ಕೊನೆಗೆ ಕೈಗೆ ಬರುವ ವರದಿ ಅಂಕೆಗಳ ಒಂದು ಪಟ್ಟಿ. ಆ ಅಂಕೆಗಳಲ್ಲಿ ಮುಖದ ಚಹರೆಯಿಲ್ಲ, ಜಾತಿಯಿಲ್ಲ, ಅಪರಾಧವೂ ಇಲ್ಲ.

ಪಠ್ಯದ ಹಂತಗಳನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ, ಪರೀಕ್ಷೆಯಲ್ಲಿ ಅವು ಬರುತ್ತವೆ. ಆದರೆ ಇದು 1980ರ ದಶಕದ ವಿಧಾನ, ಈಗಿನದು ಬೇರೆ ಎಂದು ಹೇಳಲು ಹತ್ತು ನಿಮಿಷ ಸಾಕು.

ಜೆಫ್ರಿಸ್ ಅವರ ವಿಧಾನವನ್ನು ಕೊಲೆ ತನಿಖೆಯಲ್ಲಿ ಬಳಸಿದ ಮೊದಲ ಪ್ರಕರಣವನ್ನು ತರಗತಿಯಲ್ಲಿ ಪೂರ್ತಿ ಹೇಳಬೇಕು. ಲೆಸ್ಟರ್ ಸಮೀಪದ ಹಳ್ಳಿಗಳಲ್ಲಿ 1983ರಲ್ಲಿ ಒಬ್ಬಳು, 1986ರಲ್ಲಿ ಇನ್ನೊಬ್ಬಳು ಹದಿಹರೆಯದ ಹುಡುಗಿ ಅತ್ಯಾಚಾರಕ್ಕೊಳಗಾಗಿ ಕೊಲೆಯಾದರು. 17 ವರ್ಷದ ಹುಡುಗನೊಬ್ಬ ಎರಡನೆಯ ಕೊಲೆಯನ್ನು ಒಪ್ಪಿಕೊಂಡಿದ್ದ. ಪರೀಕ್ಷೆ ನಡೆಸಿದಾಗ ಎರಡೂ ಕೃತ್ಯ ಒಬ್ಬನದೇ, ಆದರೆ ಆ ಒಬ್ಬ ಈ ಹುಡುಗ ಅಲ್ಲ ಎಂದು ಗೊತ್ತಾಯಿತು. ಹೀಗೆ ಅಪರಾಧ ತನಿಖೆಯಲ್ಲಿ ಈ ತಂತ್ರ ಮಾಡಿದ ಮೊದಲ ಕೆಲಸ ತಪ್ಪೊಪ್ಪಿಗೆ ಕೊಟ್ಟಿದ್ದ ನಿರಪರಾಧಿಯನ್ನು ಬಿಡಿಸಿದ್ದು. ನಂತರ ಪೊಲೀಸರು ಸುತ್ತಲಿನ ಸುಮಾರು 5,000 ಗಂಡಸರ ಮಾದರಿ ಸಂಗ್ರಹಿಸಿದರು. ಯಾರದೂ ತಾಳೆಯಾಗಲಿಲ್ಲ. ನಿಜವಾದ ಅಪರಾಧಿ ಕಾಲಿನ್ ಪಿಚ್‌ಫೋರ್ಕ್ ತನ್ನ ಹೆಸರಿನಲ್ಲಿ ಬೇರೆಯವನಿಂದ ರಕ್ತ ಕೊಡಿಸಿದ್ದ. ಆ ಇನ್ನೊಬ್ಬ ಪಬ್ಬಿನಲ್ಲಿ ಬಾಯಿಬಿಟ್ಟದ್ದು ಯಾರದೋ ಕಿವಿಗೆ ಬಿದ್ದು 1987ರಲ್ಲಿ ಪಿಚ್‌ಫೋರ್ಕ್ ಸಿಕ್ಕಿಬಿದ್ದ, 1988ರಲ್ಲಿ ಶಿಕ್ಷೆಯಾಯಿತು. ಪ್ರಯೋಗಾಲಯದಲ್ಲಿ ಒಂದು ತಪ್ಪೂ ಆಗಿರಲಿಲ್ಲ. ಸೀಸೆಯ ಮೇಲಿನ ಹೆಸರು ಮತ್ತು ಒಳಗಿನ ರಕ್ತ ಒಬ್ಬರವೇ ಎಂದು ನೋಡಿಕೊಳ್ಳಬೇಕಾದ ಕೈಗಳು ತಪ್ಪಿದ್ದವು. ಇಡೀ ಪಾಠದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಸಂಗತಿ ಇದು.

ನಮ್ಮ ದೇಶದ ಕಥೆಯೂ ಹೆಮ್ಮೆಯದೇ. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯಲ್ಲಿ ಲಾಲ್‌ಜಿ ಸಿಂಗ್ ಅವರು ಪಟ್ಟೆ ಕಟ್ಟುಹಾವಿನ ಡಿಎನ್‌ಎ ಅಧ್ಯಯನದಿಂದ ದೊರೆತ ತುಣುಕೊಂದನ್ನು ಪ್ರೋಬ್ ಆಗಿ ಬಳಸಿ ಸ್ವಂತ ವಿಧಾನವನ್ನು ರೂಪಿಸಿದರು. ಕೇರಳದ ತಲಶ್ಶೇರಿಯ ಪಿತೃತ್ವ ವಿವಾದವೊಂದರಲ್ಲಿ ಭಾರತದ ನ್ಯಾಯಾಲಯ ಮೊದಲ ಬಾರಿಗೆ ಡಿಎನ್‌ಎ ಸಾಕ್ಷ್ಯವನ್ನು ಒಪ್ಪಿಕೊಂಡಿತು. ಹಾವಿನ ಲಿಂಗ ವರ್ಣತಂತುವಿನ ಬಗೆಗಿನ ಕುತೂಹಲ ಒಂದು ಮಗುವಿನ ತಂದೆ ಯಾರೆಂಬ ಪ್ರಶ್ನೆಗೆ ಉತ್ತರ ತಂದುಕೊಟ್ಟ ಬಗೆಯನ್ನು ಕೇಳಿದಾಗ ಮಕ್ಕಳ ಕಣ್ಣು ಅರಳುತ್ತದೆ.

ಪಾಠದ ನಿಜವಾದ ತಿರುಳು ಇರುವುದು ‘ಹೊಂದಿಕೆ’ ಎಂಬ ಪದದಲ್ಲಿ. ಇದನ್ನು ಕಲಿಸಲು ನಾನು ಹೂವಿನ ಸರ ಬಳಸುತ್ತೇನೆ. ಬಾಳೆನಾರಿನಲ್ಲಿ ಕನಕಾಂಬರ ಮತ್ತು ಮಲ್ಲಿಗೆ ಕಟ್ಟಿ, ಎರಡು ಹಸಿರು ಎಲೆಗಳ ನಡುವೆ ಎಷ್ಟು ಮಲ್ಲಿಗೆ ಇದೆ ಎಂದು ಎಣಿಸಲು ಹೇಳುತ್ತೇನೆ. ಒಂದು ಸರದಲ್ಲಿ ಆರು, ಇನ್ನೊಂದರಲ್ಲಿ ಒಂಬತ್ತು. ಎರಡು ಸರ ಸೇರಿದರೆ ಒಬ್ಬ ವ್ಯಕ್ತಿಯ ಒಂದು ಜಾಗ. ‘6, 9’ ಎಂಬ ಜೋಡಿ ಹತ್ತು ಜನರಲ್ಲಿ ಒಬ್ಬರಿಗೆ ಇದೆ ಎಂದು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಳ್ಳೋಣ. ಅಷ್ಟರಿಂದ ಯಾರನ್ನೂ ಗುರುತಿಸಲಾಗದು. ಅರವತ್ತು ಮಕ್ಕಳ ತರಗತಿಯಲ್ಲೇ ಆರು ಜನ ಎದ್ದು ನಿಲ್ಲುತ್ತಾರೆ. ಎರಡನೆಯ ಜಾಗವೂ ಹೊಂದಬೇಕೆಂದರೆ ನೂರರಲ್ಲಿ ಒಬ್ಬರು, ಮೂರನೆಯದಕ್ಕೆ ಸಾವಿರದಲ್ಲಿ ಒಬ್ಬರು. ಹೀಗೆ 13 ಜಾಗಗಳಿಗೆ ಗುಣಿಸಿದರೆ 10 ಲಕ್ಷ ಕೋಟಿಯಲ್ಲಿ ಒಬ್ಬರು. ಭೂಮಿಯ ಮೇಲಿರುವ ಜನರೇ 800 ಕೋಟಿ ಚಿಲ್ಲರೆ. ಡಿಎನ್‌ಎ ಬೆರಳಚ್ಚಿನ ಶಕ್ತಿ ಇರುವುದು ಈ ಗುಣಾಕಾರದಲ್ಲಿ, ಮತ್ತು ಮಕ್ಕಳು ಅದನ್ನು ತಾವೇ ಮಾಡಿ ನೋಡಿದಾಗ ಆಗುವ ಬೆರಗು ನಿಜವಾದ ಬೆರಗು.

ಆದರೆ ಗುಣಿಸುವುದಕ್ಕೂ ಒಂದು ಷರತ್ತಿದೆ. ಒಂದು ಜಾಗದ ಅಂಕೆಗಳಿಗೂ ಇನ್ನೊಂದರ ಅಂಕೆಗಳಿಗೂ ಸಂಬಂಧವಿರಬಾರದು, ಮತ್ತು ಹೋಲಿಸುತ್ತಿರುವ ಇಬ್ಬರೂ ಪರಸ್ಪರ ನೆಂಟರಾಗಿರಬಾರದು. ಕೋಲಾರದ ಹಳ್ಳಿಯಲ್ಲಿ ಕುಳಿತು ಈ ಷರತ್ತನ್ನು ಹಗುರವಾಗಿ ದಾಟಿ ಹೋಗುವಂತಿಲ್ಲ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವುದು ನಮ್ಮ ಸೀಮೆಯಲ್ಲಿ ಇಂದಿಗೂ ಅಪರೂಪವಲ್ಲ. ಮನೆತನದ ಒಳಗೊಳಗೇ ಮೂರು ನಾಲ್ಕು ತಲೆಮಾರು ಮದುವೆಗಳಾದ ಊರುಗಳಿವೆ. ಅಂತಹ ಕಡೆ ಇಬ್ಬರು ವ್ಯಕ್ತಿಗಳು ಒಂದೇ ಅಜ್ಜನಿಂದ ಒಂದೇ ತುಣುಕನ್ನು ಪಡೆದಿರುವ ಸಾಧ್ಯತೆ ಹೆಚ್ಚು. ತಜ್ಞರು ಇದಕ್ಕೆ ತಿದ್ದುಪಡಿ ಅಂಶವನ್ನು ಸೇರಿಸಿ ಲೆಕ್ಕ ಹಾಕುತ್ತಾರೆ. ಒಡಹುಟ್ಟಿದವರ ವಿಷಯದಲ್ಲಂತೂ ಲೆಕ್ಕವೇ ಬೇರೆ. ಒಂದೊಂದು ಜಾಗದಲ್ಲೂ ಅಣ್ಣ ತಮ್ಮಂದಿರ ಎರಡೂ ಅಂಕೆಗಳು ಹೊಂದುವ ಸಾಧ್ಯತೆ ಕನಿಷ್ಠ ನಾಲ್ಕರಲ್ಲಿ ಒಂದು. ಕಲೆ ಕೆಟ್ಟುಹೋಗಿ ಏಳು ಜಾಗಗಳಷ್ಟೇ ಸಿಕ್ಕಿವೆ ಎನ್ನೋಣ. ನಮ್ಮ ಹತ್ತರಲ್ಲಿ ಒಬ್ಬರ ಲೆಕ್ಕದಂತೆ ನೆಂಟಸ್ತಿಕೆ ಇಲ್ಲದವರಲ್ಲಿ ಅದು ಒಂದು ಕೋಟಿಯಲ್ಲಿ ಒಬ್ಬರಿಗೆ ಹೊಂದುತ್ತದೆ. ಅಣ್ಣನಿಗೆ ಹೊಂದುವ ಸಾಧ್ಯತೆ 16,384ರಲ್ಲಿ ಒಂದಕ್ಕಿಂತಲೂ ಹೆಚ್ಚು. ವರದಿಯಲ್ಲಿ ಮೊದಲನೆಯ ಅಂಕೆಯನ್ನಷ್ಟೇ ಬರೆದು, ಆರೋಪಿಗೆ ಅಣ್ಣನಿದ್ದಾನೆಯೇ ಎಂದು ಯಾರೂ ಕೇಳದಿದ್ದರೆ ಆ ವರದಿ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ.

ಇದಕ್ಕಿಂತಲೂ ಸುಲಭವಾಗಿ ಜಾರಿ ಬೀಳುವ ಇನ್ನೊಂದು ಜಾಗವಿದೆ. ‘ಈ ಹೊಂದಿಕೆ ಆಕಸ್ಮಿಕವಾಗಿ ಬರುವ ಸಾಧ್ಯತೆ 10 ಲಕ್ಷದಲ್ಲಿ ಒಂದು’ ಎಂದು ತಜ್ಞರು ಬರೆದಿರುತ್ತಾರೆ. ಮರುದಿನ ಸುದ್ದಿಯಲ್ಲಿ ‘ಆರೋಪಿ ನಿರಪರಾಧಿಯಾಗಿರುವ ಸಾಧ್ಯತೆ 10 ಲಕ್ಷದಲ್ಲಿ ಒಂದು’ ಎಂದು ಬರುತ್ತದೆ. ಎರಡು ವಾಕ್ಯಗಳೂ ಒಂದೇ ಎಂಬಂತೆ ಕೇಳಿಸುತ್ತವೆ. ಆದರೆ ಅವುಗಳ ನಡುವೆ ಒಬ್ಬ ಮನುಷ್ಯನ ಬಾಳುವೆಯಷ್ಟು ಅಂತರವಿದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆ 6.11 ಕೋಟಿ. 10 ಲಕ್ಷಕ್ಕೆ ಒಬ್ಬರಂತೆ ಲೆಕ್ಕ ಹಾಕಿದರೆ ಅಂತಹ ಅಂಕೆಗಳು ರಾಜ್ಯದಲ್ಲಿ ಸುಮಾರು 61 ಜನರಿಗೆ ಇರಬಹುದು. ಬೇರೆ ಯಾವ ಸಾಕ್ಷ್ಯವೂ ಇಲ್ಲದೆ, ದತ್ತಾಂಶ ಜಾಲಾಡಿಯೇ ಆರೋಪಿಯನ್ನು ಹಿಡಿದಿದ್ದರೆ ಆತ ಆ 61 ಜನರಲ್ಲಿ ಒಬ್ಬ, ಅಷ್ಟೇ. ಆತ ಆ ರಾತ್ರಿ ಅದೇ ಊರಿನಲ್ಲಿದ್ದ, ಹಳೆಯ ದ್ವೇಷವಿತ್ತು, ಕದ್ದ ಒಡವೆ ಅವನ ಮನೆಯಲ್ಲಿ ಸಿಕ್ಕಿತು ಎಂಬಂತಹ ಸ್ವತಂತ್ರ ಸಾಕ್ಷ್ಯಗಳು ಜೊತೆಗೂಡಿದಾಗಲೇ ಆ ಅಂಕೆಗೆ ತೂಕ ಬರುವುದು. ಪೂರ್ಣ ಪ್ರೊಫೈಲ್, ಎಂದರೆ ಎಲ್ಲ ಜಾಗಗಳ ಅಂಕೆಗಳೂ, ಸಿಕ್ಕಾಗ ಈ ತೊಡಕು ಬಹುಮಟ್ಟಿಗೆ ಇಲ್ಲವಾಗುತ್ತದೆ. ಆದರೆ ಬೇಸಿಗೆಯ ಬಿಸಿಲಿನಲ್ಲಿ ಬಿದ್ದಿದ್ದ, ಮಳೆಯಲ್ಲಿ ನೆಂದ, ಇಬ್ಬರು ಮೂವರ ಜೀವಕೋಶಗಳು ಬೆರೆತ ಕಲೆಗಳಿಂದ ಪ್ರತಿ ಸಲವೂ ಪೂರ್ಣ ಪ್ರೊಫೈಲ್ ಸಿಗುವುದಿಲ್ಲ. ಗಣಿತದ ಉಪನ್ಯಾಸಕರು ಸಂಭವನೀಯತೆಯ ಅಧ್ಯಾಯದಲ್ಲಿ ದಾಳ, ಇಸ್ಪೀಟು ಎಲೆಗಳ ಬದಲಿಗೆ ಈ ಲೆಕ್ಕವನ್ನು ಒಮ್ಮೆ ಮಾಡಿಸಿದರೆ ಎರಡೂ ವಿಷಯಗಳಿಗೆ ಲಾಭ.

ಹೊಂದಿಕೆ ಸರಿಯಾಗಿದೆ ಎಂದೇ ಒಪ್ಪೋಣ. ಆಗಲೂ ಅದು ಹೇಳುವುದು, ಈ ಜೀವಕೋಶಗಳು ಈ ವ್ಯಕ್ತಿಯವು ಎಂದಷ್ಟೇ. ಅವು ಅಲ್ಲಿಗೆ ಹೇಗೆ ಬಂದವು, ಯಾವಾಗ ಬಂದವು ಎನ್ನುವುದನ್ನು ಅದು ಹೇಳುವುದಿಲ್ಲ. 2012ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೊಲೆಯಾದ ವ್ಯಕ್ತಿಯ ಉಗುರುಗಳಲ್ಲಿ ಒಬ್ಬಾತನ ಡಿಎನ್‌ಎ ಸಿಕ್ಕಿ, ಆತ ತಿಂಗಳುಗಟ್ಟಲೆ ಜೈಲಿನಲ್ಲಿದ್ದ. ಕೊಲೆ ನಡೆದ ಹೊತ್ತಿನಲ್ಲಿ ಆತ ಆಸ್ಪತ್ರೆಯ ಹಾಸಿಗೆಯ ಮೇಲಿದ್ದ ಎಂದು ದಾಖಲೆಗಳು ನಂತರ ತೋರಿಸಿದವು. ಆತನನ್ನು ಆಸ್ಪತ್ರೆಗೆ ಸೇರಿಸಿದ ಆಂಬುಲೆನ್ಸ್ ಸಿಬ್ಬಂದಿಯೇ ಕೆಲವು ಗಂಟೆಗಳ ನಂತರ ಕೊಲೆಯಾದವರ ಬಳಿಗೂ ಹೋಗಿದ್ದರು. ಜರ್ಮನಿಯಲ್ಲಿ ಪೊಲೀಸರು ವರ್ಷಗಟ್ಟಲೆ ಒಬ್ಬ ನಿಗೂಢ ಮಹಿಳೆಯನ್ನು ಹುಡುಕಿದರು; ಆಕೆಯ ಡಿಎನ್‌ಎ ಸುಮಾರು ನಲವತ್ತು ಅಪರಾಧಗಳ ಸ್ಥಳದಲ್ಲಿ ಸಿಕ್ಕಿತ್ತು. 2009ರಲ್ಲಿ ಗೊತ್ತಾದದ್ದು, ಮಾದರಿ ಒರೆಸಲು ಬಳಸುತ್ತಿದ್ದ ಹತ್ತಿಯ ಕಡ್ಡಿಗಳಿಗೇ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹೆಂಗಸಿನ ಡಿಎನ್‌ಎ ಅಂಟಿತ್ತು ಎಂದು. ಕಡ್ಡಿಗಳು ಕ್ರಿಮಿರಹಿತವಾಗಿದ್ದವು, ಆದರೆ ಡಿಎನ್‌ಎ ರಹಿತವಾಗಿರಲಿಲ್ಲ. ಕೋಲಾರದ ಬಸ್ಸಿನಲ್ಲಿ ನಿಂತು ಕಂಬಿ ಹಿಡಿದು ಬರುವ ವಿದ್ಯಾರ್ಥಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಆ ಕಂಬಿಯ ಮೇಲೆ ಯಾರ್ಯಾರ ಕೈಯ ಗುರುತು ಇದೆ, ಅದರಲ್ಲಿ ಎಷ್ಟು ನಿಮ್ಮ ಕೈಯಲ್ಲಿ ಕಾಲೇಜಿಗೆ ಬಂದಿದೆ ಎಂದು ಕೇಳಿದರೆ ಸಾಕು.

ಇನ್ನು ಕಲೆ ಠಾಣೆಯಿಂದ ಪ್ರಯೋಗಾಲಯಕ್ಕೆ ಹೋಗುವ ದಾರಿ. ನಮ್ಮ ದೇಶದಲ್ಲಿ ಡಿಎನ್‌ಎ ಸಾಕ್ಷ್ಯ ಸೋಲುವುದು ಹೆಚ್ಚಾಗಿ ಈ ದಾರಿಯಲ್ಲೇ. ರಕ್ತದ ಕಲೆಯಿರುವ ಬಟ್ಟೆಯನ್ನು ನೆರಳಿನಲ್ಲಿ, ಗಾಳಿಯಾಡುವಲ್ಲಿ ಪೂರ್ತಿ ಒಣಗಿಸಿ ಕಾಗದದ ಲಕೋಟೆಯಲ್ಲಿ ಹಾಕಬೇಕು. ಪ್ಲಾಸ್ಟಿಕ್ ಕವರಿನಲ್ಲಿ ಹಸಿಯಾಗಿ ಕಟ್ಟಿಟ್ಟರೆ ಬೂಸ್ಟು ಹಿಡಿದು ಡಿಎನ್‌ಎ ಚೂರುಚೂರಾಗುತ್ತದೆ. ಹಸಿ ಕಡಲೆಕಾಯಿಯನ್ನು ಚೀಲದಲ್ಲಿ ಕಟ್ಟಿಟ್ಟರೆ ಏನಾಗುತ್ತದೆ ಎಂದು ನಮ್ಮ ರೈತರ ಮಕ್ಕಳಿಗೆ ಯಾರೂ ಹೇಳಬೇಕಾಗಿಲ್ಲ. ನಾನು ತರಗತಿಯಲ್ಲಿ ಎರಡು ಬಟ್ಟೆಯ ತುಂಡುಗಳನ್ನು ಹಾಲಿನಲ್ಲಿ ಅದ್ದಿಸುತ್ತೇನೆ. ಒಂದನ್ನು ಒಣಗಿಸಿ ಕಾಗದದ ಲಕೋಟೆಗೆ, ಇನ್ನೊಂದನ್ನು ಹಾಗೆಯೇ ಪ್ಲಾಸ್ಟಿಕ್ ಕವರಿಗೆ ಹಾಕಿಸುತ್ತೇನೆ. ಎಂಟನೆಯ ದಿನ ಎರಡನ್ನೂ ತೆರೆದಾಗ ಪ್ಲಾಸ್ಟಿಕ್ ಕವರಿನ ತುಂಡಿನ ಮೇಲೆ ಬೂದುಹಸಿರು ಚುಕ್ಕೆಗಳು ಹರಡಿರುತ್ತವೆ, ವಾಸನೆಗೆ ಹಿಂದಿನ ಬೆಂಚಿನವರೂ ಮೂಗು ಮುಚ್ಚಿಕೊಳ್ಳುತ್ತಾರೆ. ಕಾಗದದ ಲಕೋಟೆಯ ತುಂಡು ಹಪ್ಪಳದಂತೆ ಗರಿಗರಿಯಾಗಿರುತ್ತದೆ. ಈ ಪ್ರಯೋಗಕ್ಕೆ ಖರ್ಚು ಅರ್ಧ ಲೋಟ ಹಾಲು.

ಯುವತಿಯೊಬ್ಬಳ ಅತ್ಯಾಚಾರ ಮತ್ತು ಕೊಲೆಯ 2012ರ ದೆಹಲಿಯ ಛಾವ್ಲಾ ಪ್ರಕರಣದಲ್ಲಿ ಮೂವರಿಗೆ ಮರಣದಂಡನೆಯಾಗಿತ್ತು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಬಿಡುಗಡೆ ಮಾಡಿತು. ಮಾದರಿಗಳು ದಿನಗಟ್ಟಲೆ ಪೊಲೀಸ್ ಮಾಲ್‌ಖಾನೆಯಲ್ಲಿ (ವಶಪಡಿಸಿಕೊಂಡ ವಸ್ತುಗಳನ್ನು ಇಡುವ ಕೋಣೆಯಲ್ಲಿ) ಇದ್ದದ್ದು, ಆ ಅವಧಿಯಲ್ಲಿ ಅವು ಬದಲಾಗಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದ್ದು ಅದಕ್ಕೆ ಒಂದು ಕಾರಣ. ತಮಿಳುನಾಡಿನ ಥೇಣಿಯ ಜೋಡಿ ಕೊಲೆ ಪ್ರಕರಣದಲ್ಲಿ 2025ರ ಜುಲೈ 15ರಂದು ತೀರ್ಪು ನೀಡುತ್ತ ಸುಪ್ರೀಂ ಕೋರ್ಟ್, ಮರಣದಂಡನೆಗೊಳಗಾಗಿದ್ದ ವ್ಯಕ್ತಿಯನ್ನು ಬಿಡುಗಡೆ ಮಾಡಿ, ಡಿಎನ್‌ಎ ಮಾದರಿಗಳ ಬಗ್ಗೆ ಇಡೀ ದೇಶಕ್ಕೆ ನಿರ್ದೇಶನಗಳನ್ನು ಕೊಟ್ಟಿತು. ಮಾದರಿ 48 ಗಂಟೆಯೊಳಗೆ ಪ್ರಯೋಗಾಲಯಕ್ಕೆ ತಲುಪಬೇಕು, ತಡವಾದರೆ ಕಾರಣ ಬರೆಯಬೇಕು. ಮುದ್ರೆ ಹಾಕಿದ ಪೊಟ್ಟಣವನ್ನು ವಿಚಾರಣಾ ನ್ಯಾಯಾಲಯದ ಅನುಮತಿಯಿಲ್ಲದೆ ತೆರೆಯಬಾರದು. ಮಾದರಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನು ಮೊದಲಿಂದ ಕೊನೆಯವರೆಗೆ ದಾಖಲಿಸುವ ರಿಜಿಸ್ಟರ್ ಇರಬೇಕು, ಅದು ನ್ಯಾಯಾಲಯದ ಕಡತದ ಭಾಗವಾಗಬೇಕು. ಶ್ರೀನಿವಾಸಪುರದಿಂದ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಮೂರು ಗಂಟೆಯ ಹಾದಿ. 48 ಗಂಟೆ ಎನ್ನುವುದು ನಮಗೆ ದೂರದ ತೊಂದರೆಯಲ್ಲ, ಶಿಸ್ತಿನ ಪ್ರಶ್ನೆ.

ಇಷ್ಟೆಲ್ಲ ಎಚ್ಚರಿಕೆಗಳನ್ನು ಹೇಳುವಾಗ ಮಕ್ಕಳು ಈ ತಂತ್ರವನ್ನೇ ನಂಬಬಾರದು ಎಂಬ ತೀರ್ಮಾನಕ್ಕೆ ಬಂದುಬಿಟ್ಟಾರು ಎಂಬ ಆತಂಕ ನನಗಿದೆ, ಏಕೆಂದರೆ ಭೌತಿಕ ಸಾಕ್ಷ್ಯದ ಬೆಲೆ ಈ ನೆಲಕ್ಕೆ ಗೊತ್ತಿದೆ. 2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಯಲ್ಲಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಡಲಾಯಿತು. ಸಾಕ್ಷಿಗಳು ಒಬ್ಬೊಬ್ಬರಾಗಿ ಪ್ರತಿಕೂಲವಾಗಿ ನುಡಿದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಬೆಂಕಿ ಹಚ್ಚಿದ ಮನೆಯಲ್ಲಿ ಡಿಎನ್‌ಎಯಿಂದ ಏನು ಸಿಗುತ್ತಿತ್ತು ಎಂದು ನಾನು ಊಹೆ ಮಾಡಲಾರೆ. ಆದರೆ ಅದೇ ಊರಿನಲ್ಲಿ ಬಾಳಬೇಕಾದ ಬಡವರ ನಾಲಿಗೆಯ ಮೇಲೆ ಇಡೀ ಪ್ರಕರಣದ ಭಾರ ಹೊರಿಸಿದಾಗ ಏನಾಗುತ್ತದೆ ಎನ್ನುವುದನ್ನು ಕಂಬಾಲಪಲ್ಲಿ ತೋರಿಸಿಕೊಟ್ಟಿದೆ. ಬೆದರಿಸಲಾಗದ, ರಾಜಿಗೆ ಕರೆಯಲಾಗದ ಸಾಕ್ಷ್ಯ ಎಲ್ಲೆಲ್ಲಿ ಸಾಧ್ಯವೋ ಅಲ್ಲೆಲ್ಲ ಅದನ್ನು ಜೋಪಾನವಾಗಿ ಎತ್ತಿಡುವುದು ದುರ್ಬಲರ ಪರವಾದ ಕೆಲಸ. ಅಮೆರಿಕದಲ್ಲಿ ಡಿಎನ್‌ಎ ಮರುಪರೀಕ್ಷೆಯಿಂದ ಮುನ್ನೂರಕ್ಕೂ ಹೆಚ್ಚು ನಿರಪರಾಧಿಗಳು ಜೈಲಿನಿಂದ ಹೊರಬಂದಿದ್ದಾರೆ. ಅವರಲ್ಲಿ ಹಲವರನ್ನು ಕಣ್ಣಾರೆ ನೋಡಿದ ಸಾಕ್ಷಿಗಳೇ ತಪ್ಪಾಗಿ ಗುರುತಿಸಿದ್ದರು.

ತರಗತಿಯಲ್ಲಿ ಒಂದು ಗಡಿಯನ್ನು ಮಾತ್ರ ದಾಟಬಾರದು. ಈ ಪಾಠ ಬಂದಾಗಲೆಲ್ಲ ಪಿತೃತ್ವ ಪರೀಕ್ಷೆಯ ಪ್ರಶ್ನೆ ಬರುತ್ತದೆ, ಹುಡುಗರು ನಗುತ್ತಾರೆ, ಯಾವುದೋ ಮೂಲೆಯಲ್ಲಿ ಒಂದು ಮಗು ತಲೆ ತಗ್ಗಿಸುತ್ತದೆ. ಮಕ್ಕಳ ಸ್ವಂತ ಕುಟುಂಬದ ರಕ್ತದ ಗುಂಪು, ಹೋಲಿಕೆ ಯಾವುದನ್ನೂ ಉದಾಹರಣೆಯಾಗಿ ಎಳೆದು ತರಬಾರದು. ಇಂತಹ ಪರೀಕ್ಷೆಗೆ ಕೇಳಿದಾಕ್ಷಣ ಆದೇಶ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ. ಮಗುವಿನ ಖಾಸಗಿತನವನ್ನು 2023ರಲ್ಲಿ ಮತ್ತೆ ಒತ್ತಿ ಹೇಳಿದೆ. ಡಿಎನ್‌ಎ ದತ್ತಾಂಶ ಬ್ಯಾಂಕ್ ಸ್ಥಾಪಿಸಲು ತಂದಿದ್ದ 2019ರ ಮಸೂದೆಯನ್ನು 2023ರಲ್ಲಿ ಸರ್ಕಾರ ಹಿಂಪಡೆದಿದೆ. ಯಾರ ಪ್ರೊಫೈಲನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ, ಅದರ ಮೇಲೆ ಒಂದು ಚರ್ಚಾಸ್ಪರ್ಧೆ ಏರ್ಪಡಿಸಬಹುದು.

ಸರ್ಕಾರಿ ಕಾಲೇಜಿನಲ್ಲಿ ಪಿಸಿಆರ್ ಯಂತ್ರವಿಲ್ಲ ಎನ್ನುವುದು ಈ ಪಾಠಕ್ಕೆ ಅಡ್ಡಿಯಲ್ಲ. ಅರ್ಧ ಬಾಳೆಹಣ್ಣನ್ನು ಉಪ್ಪು ಮತ್ತು ಪಾತ್ರೆ ತೊಳೆಯುವ ದ್ರವದೊಂದಿಗೆ ಹಿಸುಕಿ, ಬಟ್ಟೆಯಲ್ಲಿ ಸೋಸಿ, ಗಾಜಿನ ಲೋಟದ ಅಂಚಿನಿಂದ ತಣ್ಣನೆಯ ಸ್ಪಿರಿಟ್ ಇಳಿಬಿಟ್ಟರೆ ಎರಡು ದ್ರವಗಳ ನಡುವಿನ ಗೆರೆಯಲ್ಲಿ ಬಿಳಿಯ ಎಳೆಗಳು ಮೇಲೇಳುತ್ತವೆ, ರೇಷ್ಮೆಗೂಡು ಬಿಚ್ಚುವಾಗ ಮೊದಲು ಸಿಗುವ ಸಿಕ್ಕುಸಿಕ್ಕು ಎಳೆಯಂತೆ. ಅದನ್ನು ಕಡ್ಡಿಗೆ ಸುತ್ತಿ ಲಕೋಟೆಯಲ್ಲಿಟ್ಟು ಮುದ್ರೆ ಒತ್ತಿ, ಒಂದು ವಾರ ಮಕ್ಕಳ ಕೈಯಿಂದ ಕೈಗೆ ಸಾಗಿಸಲು ಹೇಳುತ್ತೇನೆ. ಯಾರು ಪಡೆದರು, ಎಷ್ಟು ಗಂಟೆಗೆ, ಮುದ್ರೆ ಸರಿಯಿತ್ತೇ ಎಂದು ರಿಜಿಸ್ಟರಿನಲ್ಲಿ ಬರೆಯಬೇಕು. ಹೋದ ವರ್ಷ ಬುಧವಾರ ಸಂಜೆಯಿಂದ ಗುರುವಾರ ಬೆಳಗಿನವರೆಗೆ ಒಂದು ಸಾಲು ಖಾಲಿಯಿತ್ತು. ಲಕೋಟೆ ಹುಡುಗನೊಬ್ಬನ ಬ್ಯಾಗಿನಲ್ಲೇ ಉಳಿದಿತ್ತು, ಯಾರೂ ಮುಟ್ಟಿರಲಿಲ್ಲ, ಅವನು ಹೇಳುತ್ತಿದ್ದದ್ದೂ ನಿಜವೇ. ಆದರೂ ಆ ಲಕೋಟೆಯನ್ನು ಸಾಕ್ಷ್ಯವಾಗಿ ಒಪ್ಪಬಹುದೇ ಎಂದು ಕೇಳಿದಾಗ ತರಗತಿಯಲ್ಲಿ ಗಂಟೆ ಬಾರಿಸುವವರೆಗೂ ವಾದ ನಡೆಯಿತು. ಮನೆಯಲ್ಲಿ ತೆಲುಗು, ಹೈಸ್ಕೂಲಿನಲ್ಲಿ ಕನ್ನಡ, ಪಿಯುಸಿಯಲ್ಲಿ ಇಂಗ್ಲಿಷ್ ಎಂದು ಮೂರು ಭಾಷೆಗಳ ನಡುವೆ ತಡವರಿಸಿ ಸುಮ್ಮನೆ ಕೂರುವ ಮಕ್ಕಳು ಅಂದು ಮೂರರಲ್ಲೂ ಮಾತಾಡಿದರು.

ಪ್ರಶ್ನೆಪತ್ರಿಕೆ ತಯಾರಿಸುವವರಿಗೆ ನನ್ನದೊಂದು ಕೋರಿಕೆಯಿದೆ. ಹಂತಗಳನ್ನು ಬರೆಯಿರಿ ಎಂಬ ಪ್ರಶ್ನೆಯ ಜಾಗದಲ್ಲಿ ಮೂರು ವರ್ಷಕ್ಕೊಮ್ಮೆಯಾದರೂ ಇಂತಹದ್ದೊಂದನ್ನು ಕೊಡಿ: ‘ರಕ್ತದ ಕಲೆಯೊಂದರ ಏಳು ಎಸ್‌ಟಿಆರ್ ಜಾಗಗಳು ಆರೋಪಿಯ ಮಾದರಿಯೊಂದಿಗೆ ಹೊಂದಿವೆ. ಆರೋಪಿಗೆ ಒಬ್ಬ ಅಣ್ಣನಿದ್ದಾನೆ. ಬಟ್ಟೆ ಪ್ಲಾಸ್ಟಿಕ್ ಕವರಿನಲ್ಲಿ ಒಂಬತ್ತು ದಿನ ಠಾಣೆಯಲ್ಲಿತ್ತು. ಈ ವರದಿಯ ಬಗ್ಗೆ ನೀವು ಕೇಳುವ ಮೂರು ಪ್ರಶ್ನೆಗಳು ಯಾವುವು, ಮತ್ತು ಪ್ರತಿಯೊಂದನ್ನೂ ಏಕೆ ಕೇಳುತ್ತೀರಿ?’ ಐದು ಅಂಕಗಳಿಗೆ ಸಾಕು.